ತಂಬಿಗೆಯಲ್ಲಿ ಇಳಿದ ಲಕ್ಕಿ ಗಿಡ

ನಮ್ಮ ಮನೆಯವರು ರೇವಣಪ್ಪನವರು ಬಲು ತಿಳಿವಳಿಕೆಯವರು. ನನ್ನ ತಕರಾರೂ ಅದೇ. ತಿಳಿಯದ ಗಂಡಸು ಉಂಡು ಕಟ್ಟೆಗೆ ಹೋಗಿ ಕೂಡುತ್ತಾನೆ. ತಿಳಿದವನು ಉಂಡು ಅಡಿಗೆಮನೆಗೆ ಬರುತ್ತಾನೆ.

ಜರ್ಮನಿಯ ಲಡಾಯಿ ನಡೆದ ಕಾಲ. ಮುಂಬಯಿಯ ನೋವಿನ ಎಣ್ಣೆ ಚೌಡಾಪುರದ ಅಂಗಡಿಗೆ ಬರುವುದು ನಿಂತಿತ್ತು. ನನ್ನ ಮೊಣಕಾಲೋ, ಒಲೆಯ ಮುಂದೆ ಕೂತರೆ ಏಳಲೊಲ್ಲದು, ಎದ್ದರೆ ಕೂಡಲೊಲ್ಲದು. ಅಂಥದರಲ್ಲಿ ಇವರು ಎತ್ತಿನ ಹಗ್ಗ ತರಲೆಂದು ಆಳಂದಕ್ಕೆ ಹೋದವರು, ಅಲ್ಲಿಯ ಅತ್ತರು ಮಾರುವ ಮಲಂಗಸಾಬ ದರ್ಗಾಕ್ಕೆಂದು ಗುಲಾಬಿ ನೀರು ಭಟ್ಟಿ ಇಳಿಸುವುದನ್ನು ನೋಡುತ್ತ ಕೂತು, ಹಗ್ಗ ಮರೆತು ಬಂದರು.

“ಇಲ್ಲಿ ಕೇಳ ಬೇ, ಲಕ್ಕಿ ಎಲಿಯೊಳಗ ನೋವು ತಿನ್ನೋ ಸತ್ವ ಐತಿ. ಕುದಿಸಿದ್ರ ಉಗಿ ಜೋಡಿ ಮ್ಯಾಲ ಏಳ್ತೈತಿ. ಆ ಉಗಿ ಹಿಡದು ತಂಪ ಮಾಡಿದ್ರ ಅರ್ಕ. ಇಡೀ ಗಿಡಾನ ತಂಬಿಗ್ಯಾಗ ಇಳೀತೈತಿ.”

“ಉಗಿ ಹಿಡಿಯಾಕ ಅದೇನ್ ಕೋಳಿ ಏನ್ರಿ?”

“ಹಿಡದು ತೋರಸ್ತೇನಿ. ನಿನ್ನ ಹಂಡೆ ಕೊಡು.”

ತವರಿನ ತಾಮ್ರದ ಹಂಡೆ ಕೊಟ್ಟೆ. ಕಾರಣವಿತ್ತು. ಮಗಳ ಮಾವ, ಯಡ್ರಾಮಿಯ ಬೀಗರು ಚಂದ್ರಾಮಪ್ಪನವರು, ಅಂದು ಬರುವವರಿದ್ದರು. ಅವರಿಗೂ ಮೊಣಕಾಲು ನೋವು. ನಾಲಗೆಗೆ ಮಾತ್ರ ಯಾವ ನೋವೂ ಇಲ್ಲ. ಹೋದ ವರ್ಷ ಇವರು ಮಾಡಿದ ಹಲ್ಲುಪುಡಿಗೆ, “ಬೀಗ್ರ, ಪಾತ್ರಿ ತಿಕ್ಕಾಕ ಚಲೋ ಐತ್ರಿ” ಎಂದು ನಾಲ್ಕು ಮಂದಿಯ ಮುಂದೆ ಅಂದಿದ್ದರು. ಹೆಣ್ಣು ಕೊಟ್ಟವರು ನಾವು, ಕೇಳಿಕೊಂಡು ಕೂತೆವು. ಈ ಸಲ ಇವರ ಮಾನವೆಲ್ಲ ಆ ತಂಬಿಗೆಯಲ್ಲಿತ್ತು.

ಹಂಡೆ ತುಂಬ ಎಲೆ, ನೀರು. ಮುಚ್ಚಳಕ್ಕೆ ಬಿದಿರಿನ ಕೊಳವೆ. ಸಂದುಗಳಿಗೆಲ್ಲ ಜೋಳದ ಹಿಟ್ಟು ಮೆತ್ತಿದವಳು ನಾನೇ. ಕೊಳವೆಗೆ ಹಸಿ ಬಟ್ಟೆ ಸುತ್ತಿ, ಅದರ ಬಾಯಿಗೆ ಇವರು ತಂಬಿಗೆ ಇಟ್ಟರು. (ಅಬಕಾರಿ ಜವಾನ ಅತ್ತ ಹಾಯ್ದಿದ್ದರೆ ನಾವಿಬ್ಬರೂ ಗುಲಬರ್ಗಾ ಜೈಲಿನಲ್ಲಿ ಸಂಸಾರ ಹೂಡಬೇಕಿತ್ತು.) ಹನಿ ಹನಿಯಾಗಿ ಇಳಿಯತೊಡಗಿದಾಗ ನನಗೂ ಗಂಡನ ಮೇಲೆ ಹೆಮ್ಮೆ ಉಕ್ಕಿತು. ಮನೆಯ ಗೋಡೆ, ಉಣ್ಣುವ ಗಂಗಾಳ, ನನ್ನ ಸೆರಗು, ಎಲ್ಲಕ್ಕೂ ಲಕ್ಕಿಯ ವಾಸನೆ.

“ಬಂಡಿ ಬಂದಿರಬೇಕು. ಔಷಧ ಜ್ವಾಕಿ ಮಾಡು,” ಎಂದು ಇವರು ಊರಬಾಗಿಲ ಅಗಸಿಗೆ ಹೋದರು.

ಜೋಕೆ ಮಾಡಲು ಹಂಡೆಯ ಮುಚ್ಚಳ ತೆಗೆದೆ. ಒಳಗೆ ಕರಿಹಸಿರು ಗಸಿ. ಬೆರಳದ್ದಿ ನೆಕ್ಕಿದೆ, ಕಹಿಗೆ ಕಿವಿ ಜುಮ್ಮೆಂದಿತು. ಔಷಧ ಎಂದರೆ ಇದು. ಜತನದಿಂದ ಗಡಿಗೆಗೆ ತುಂಬಿ ಬಟ್ಟೆ ಕಟ್ಟಿದೆ. ತಂಬಿಗೆಯಲ್ಲೋ ಬರೀ ತಿಳಿನೀರು. ನಾಲಗೆ ಮೊದಲೇ ಸತ್ತಿತ್ತು, ರುಚಿಯೂ ಹತ್ತಲಿಲ್ಲ. ಬೆಚ್ಚಗಿತ್ತು. ಹಸಿದು ಬರುವ ಬೀಗರು. ಇನ್ನೊಂದು ಕುದಿ ತಂದು, ಜೋಳದ ಹಿಟ್ಟಿಗೆ ಸುರಿದು, ರೊಟ್ಟಿ ಬಡಿದೆ.

“ಬೀಗತ್ಯಾರ, ರೊಟ್ಟಿ ಏನೋ ಘಮಾ ಅಂತಾವ್ರಿ,” ಎಂದರು ಬೀಗರು, ಇನ್ನೊಂದಕ್ಕೆ ಕೈ ಚಾಚಿ.

“ಮನಿತುಂಬ ಔಷಧದ ವಾಸನಿ ಐತ್ರಿ, ಅದಕ್ಕ,” ಎಂದೆ.

ಊಟವಾದ ಮೇಲೆ ಇವರು ಆಸ್ಥಾನದ ಧನ್ವಂತರಿಯಂತೆ ಕೈ ಎತ್ತಿ, “ಅರ್ಕ ತಾ,” ಎಂದರು. ಎರಡೂ ಕೈಯಲ್ಲಿ ಗಡಿಗೆ ತಂದಿಟ್ಟೆ.

“ಇದಲ್ಲ ಬೇ. ತಂಬಿಗಿ.”

“ಅದರಾಗಿನ ನೀರ ಹಿಟ್ಟಿಗಿ ಹಾಕೀನ್ರಿ. ನಿಮ್ಮ ಸತ್ವ ಒಂದ್ ಹನಿ ಚೆಲ್ಲಿಲ್ಲ.”

ಇವರ ಮುಖ ತೊಳೆದಿಟ್ಟ ಗಂಗಾಳದಂತಾಯಿತು. “ನೀ ಕಾಯ್ದಿಟ್ಟಿದ್ದು ಗಸಿ. ಸತ್ವ ಬೀಗ್ರ ಹೊಟ್ಟ್ಯಾಗೈತಿ.”

ನನ್ನ ಕೈಯಿಂದಲೇ ಗಂಡನ ಮಾನ ರೊಟ್ಟಿಯಾಯಿತಲ್ಲ ಎಂದು ನೆಲ ನೋಡಿದೆ. ಬೀಗರು ಎದ್ದರು. ಕೂತರು. ಮತ್ತೆ ಎದ್ದರು.

“ಮಣಕಾಲ ಹಗರ ಆತಲ್ರೀ. ಕುಡಿಯಾಕ ಒಲ್ಲೆ ಅಂತೇನಂತ ರೊಟ್ಟ್ಯಾಗ ಹಾಕಿದ್ರ್ಯಾ? ಬೀಗ್ರ, ನಿಮ್ಮ ಬುದ್ಧಿ ದೊಡ್ಡದ್ರಿ.”

ಇವರು ನನ್ನತ್ತ ನೋಡದೆ ಮೀಸೆ ತೀಡಿದರು. “ಭಾಳ ವಿಚಾರ ಮಾಡೇ ಹಾಕಿಸೀನ್ರಿ.”

ಸುದ್ದಿ ಯಡ್ರಾಮಿ ದಾಟಿ ಜೇವರ್ಗಿ ಮುಟ್ಟಿತು. ಈಗ ಮೊಣಕಾಲು ಹಿಡಿದವರ ಬಂಡಿಗಳೆಲ್ಲ ಸರಿಯಾಗಿ ಊಟದ ಹೊತ್ತಿಗೇ ಬರುತ್ತವೆ. ಇವರು ಅರ್ಕ ಇಳಿಸುತ್ತಾರೆ, ನಾನು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತೇನೆ.

“ನನ್ನ ಮಣಕಾಲಿಗಿ ಒಂದೀಟ ಅರ್ಕ ಉಳಿಸ್ರಿ,” ಎಂದೆ ಮೊನ್ನೆ.

“ಬಂದ ಮಂದಿಗೇ ಸಾಲವಲ್ದು. ನಿನಗ ಗಸಿ ಐತಲ್ಲ, ನೀನೇ ಆರಿಸಿದ್ದು.”

ಹಚ್ಚಿಕೊಂಡಿದ್ದೇನೆ. ಕಾಲು ಹಸಿರಾಗಿದೆ, ನೋವು ಹಾಗೆಯೇ ಇದೆ. ಬಲು ತಿಳಿವಳಿಕೆಯವರು ನಮ್ಮ ಮನೆಯವರು.