ದೊಡ್ಡೋರು ಬರ್ತಿದ್ದಾರೆ

ತೊಲೊಗೊನ್‌ನ ಹಲ್ಲುನೋವು ಆವತ್ತೇ ಬರಬೇಕಿತ್ತೇ? ನಮ್ಮ ಕಣಿವೆಯ ಸಾರ್ವಜನಿಕ ಬಾನುಲಿಯಲ್ಲಿ ಹದಿನೈದು ವರ್ಷದಿಂದ ಹವಾಮಾನ ಓದುತ್ತಿದ್ದವನು ಅವನು. ಬೆಳಿಗ್ಗೆ ದವಡೆ ಊದಿಸಿಕೊಂಡು ಬಂದ. ಬಾಯಿ ತೆರೆದರೆ "ಉಂ, ಉಂ" ಬಿಟ್ಟರೆ ಬೇರೆ ಶಬ್ದವಿಲ್ಲ. ಕೈಸನ್ನೆಯಲ್ಲೇ ಕ್ಷಮೆ ಕೇಳಿ ದಂತವೈದ್ಯರ ಕಡೆ ಓಡಿದ. ಉಳಿದವರು ಇಬ್ಬರು: ಮಕ್ಕಳ ಕತೆ ಓದುವ ಬುರುಲ್ಚಾ, ಯಂತ್ರ ನೋಡಿಕೊಳ್ಳುವ ತೊಕ್ತೊಸುನ್. ತೊಕ್ತೊಸುನ್‌ಗೋ ಮೈಕ್ ಕಂಡರೆ ಸಾಕು, ನಾಲಿಗೆ ಒಣಗಿಬಿಡುತ್ತದೆ.

"ಅಕ್ಕಾ, ಇವತ್ತು ಹವಾಮಾನಾನೂ ನೀವೇ ಓದ್ಬೇಕು."

"ಬಿಸಿಲು ತಾನೇ? ಓದ್ತೀನಿ ಬಿಡು," ಎಂದಳು ಬುರುಲ್ಚಾ. ಹೇಳಿದ ಮೇಲೆ ಕಿಟಕಿಗೆ ಹೋಗಿ ಆಕಾಶವನ್ನು ಎರಡೆರಡು ಸಲ ನೋಡಿದಳು.

ಕಾರಣವಿತ್ತು. ಅವಳ ಮಾವನ ಹೆಸರು ಜಾಮ್ಗಿರ್ಚಿ. ನಮ್ಮ ನುಡಿಯಲ್ಲಿ ಜಾಮ್ಗಿರ್ ಎಂದರೆ ಮಳೆ. ಮಾವನ ಹೆಸರು ಸೊಸೆಯ ಬಾಯಲ್ಲಿ ಬರಬಾರದು, ಹೆಸರಿನೊಳಗೆ ಅಡಗಿದ ಮಾತೂ ಬರಬಾರದು. ಹಾಗಾಗಿ ಮದುವೆಯಾದ ಮರುದಿನವೇ ಅತ್ತೆ ಸುಯುಮ್ಕಾನ್ ಪಾಠ ಹೇಳಿದ್ದಳು: "ನಮ್ಮನೇಲಿ ಅದಕ್ಕೆ ದೊಡ್ಡೋರು ಅನ್ಬೇಕು, ತಿಳೀತಾ?" ಹನ್ನೆರಡು ವರ್ಷದಿಂದ ಬುರುಲ್ಚಾ ಆಕಾಶ ನೋಡಿ, "ದೊಡ್ಡೋರು ಬರೋ ಹಾಗಿದೆ, ಸೂರಿನ ಮೇಲೆ ಒಣಗಲಿಟ್ಟ ಮೊಸರಿನ ಕುರುತ್ ಉಂಡೆ ಒಳಗೆ ತರ್ಲಾ?" ಎಂದೇ ಕೇಳುತ್ತಿದ್ದಳು. ಅತ್ತೆ ರೇಡಿಯೋ ಕೇಳುವುದು ಸುದ್ದಿಗಲ್ಲ, ಸೊಸೆಯ ನಾಲಿಗೆ ಕಾಯುವುದಕ್ಕೆ.

ಮನೆಯಲ್ಲಿ ಬುರುಲ್ಚಾಳ ದನಿ ಒಲೆ ದಾಟುವ ಹಾಗಿಲ್ಲ. ತಲೆಗೆ ವಸ್ತ್ರ, ಮಾವ ಎದುರು ಬಂದರೆ ಬಾಗಿ ನಮಸ್ಕಾರ, ಮಾತೆಲ್ಲ ಪಿಸುಗುಟ್ಟಿಯೇ. ದಿನಕ್ಕೆ ಆರು ಗಂಟೆ ಬಾನುಲಿಯಲ್ಲಿ ಮಾತ್ರ ಅವಳು ಬಾಯ್ತುಂಬ ಮಾತಾಡುತ್ತಾಳೆ, ನರಿಯಾಗಿ ಊಳಿಡುತ್ತಾಳೆ, ರಾಕ್ಷಸನಾಗಿ ನಗುತ್ತಾಳೆ. ಆ ಆರು ಗಂಟೆ ಹೋದರೆ ತನ್ನ ಜೀವವೇ ಹೋದ ಹಾಗೆ ಎಂದು ಅವಳಿಗೆ ಗೊತ್ತು.

ಆ ಆರು ಗಂಟೆ ಕಿತ್ತುಕೊಳ್ಳಲೆಂದೇ ಹತ್ತು ಗಂಟೆಗೆ ರಾಜಧಾನಿಯಿಂದ ಅಧಿಕಾರಿ ಕುಬಾತ್ ಸೆಯಿತೊವಿಚ್ ಇಳಿದ. ಟೋಪಿ ತೆಗೆಯುವ ಮೊದಲೇ ಬಾಯಿ ತೆಗೆದ.

"ನೋಡೀಮ್ಮ, ಈಗ ಎಲ್ರ ಕೈಲೂ ಫೋನಿದೆ. ಈ ಡಬ್ಬ ಯಾರು ಕೇಳ್ತಾರೆ? ಸಂಜೆವರೆಗೂ ನೋಡ್ತೀನಿ. ಒಬ್ಬನಾದ್ರೂ ಕೇಳ್ತಾನೆ ಅನ್ನೋದಕ್ಕೆ ಗುರುತು ಸಿಕ್ರೆ ಸರಿ. ಇಲ್ಲಾಂದ್ರೆ ನಾಳೆಯಿಂದ ಬೀಗ."

ಬುರುಲ್ಚಾ ಗಡಬಡಿಸಿ ಚಾಚಿದ ಚಹಾ ಬಟ್ಟಲು ಅಧಿಕಾರಿಯ ಬೂಟಿನ ಮೇಲೆ ಚೆಲ್ಲಿತು. ಒಳ್ಳೆಯ ಶಕುನ!

ಹನ್ನೊಂದೂವರೆಗೆ ಮೇಲಿನ ಕಣಿವೆಯ ಹವಾಮಾನ ಠಾಣೆಯಿಂದ ಫೋನು ಬಂತು. ಕೇಳುತ್ತ ಕೇಳುತ್ತ ತೊಕ್ತೊಸುನ್‌ನ ಮುಖ ಬಿಳಿಚಿಕೊಂಡಿತು.

"ಅಕ್ಕಾ, ಶಿಖರದ ಹತ್ರ ಮೋಡ ಒಡೆದಿದೆಯಂತೆ. ಮೂರು ಗಂಟೆಗೆ ಇಲ್ಲಿಗೂ ಬರತ್ತಂತೆ. ಹೊಳೇಲಿ ಕೆಸರು ನೆರೆ ಇಳಿದ್ರೆ ಕೆಳಗಿನ ಕೇರಿ ನಲವತ್ತು ಮನೆ..."

ಕೆಳಗಿನ ಕೇರಿಯಲ್ಲಿ ಆ ಹೊತ್ತಿಗೆ ಎಲ್ಲರೂ ಮನೆಯೊಳಗೇ ಇರುತ್ತಾರೆ. ಮಕ್ಕಳು ಮಲಗಿರುತ್ತವೆ.

"ಫೋನಲ್ಲಿ ಎಲ್ರಿಗೂ ಕಳ್ಸೋಣ," ಎಂದಳು ಬುರುಲ್ಚಾ.

"ಯಾರು ನಂಬ್ತಾರಕ್ಕಾ? ಹೋದ ವಾರ ಫೋನಲ್ಲಿ ಮೂರು ಸಲ ನೆರೆ ಬಂತು, ಹೊಳೇಲಿ ಒಂದ್ಸಲಾನೂ ಬರ್ಲಿಲ್ಲ. ಜನ ನಕ್ಕು ಅಳಿಸ್ಬಿಡ್ತಾರೆ."

ಸರಿ, ಬಾನುಲಿಯಲ್ಲೇ ಹೇಳಬೇಕು. ಬುರುಲ್ಚಾ ಗಟ್ಟಿಮನಸ್ಸು ಮಾಡಿದಳು: ಮಳೆ ಎನ್ನುವುದೇ ಬೇಡ, ನೇರವಾಗಿ ನೆರೆ ಎಂದರಾಯಿತು. ಮೈಕಿನ ಮುಂದೆ ಕೂತಳು. ಅಷ್ಟರಲ್ಲಿ ಅಧಿಕಾರಿ ಬಾಗಿಲಲ್ಲಿ ಕೈ ಅಡ್ಡ ಹಿಡಿದ.

"ನಿಲ್ಸಿ! ನೆರೆ ಅನ್ನೋ ಮಾತು ಪ್ರಸಾರ ಆಗ್ಬೇಕಾದ್ರೆ ಮೊಹರು ಬಿದ್ದ ಕಾಗದ ಬೇಕು. ನಾಳೆ ಬೆಳಿಗ್ಗೆ ಬರತ್ತೆ."

"ನೆರೆ ಇವತ್ತು ಮಧ್ಯಾಹ್ನ ಬರತ್ತಲ್ಲ ಸ್ವಾಮಿ!"

"ಅದು ನೆರೆಯ ತಪ್ಪು. ಹೊಳೆ ಅನ್ಬೇಡಿ, ನೆರೆ ಅನ್ಬೇಡಿ, ಜನ ಗಾಬರಿಯಾಗ್ತಾರೆ. ಬರೀ 'ಜೋರು ಮಳೆ' ಅನ್ನಿ. ಅದಕ್ಕೆ ಅನುಮತಿ ಬೇಕಿಲ್ಲ."

ಅಯ್ಯೋ ದೇವರೇ! ಲೋಕದಲ್ಲಿರುವ ಮಾತುಗಳಲ್ಲೆಲ್ಲ ಹೇಳಬಹುದಾದದ್ದು ಅದೊಂದೇ, ಅವಳು ಹೇಳಬಾರದ್ದೂ ಅದೊಂದೇ.

ಕೆಂಪು ದೀಪ ಹತ್ತಿತು. ಬುರುಲ್ಚಾ ಬಾಯಿ ತೆರೆದಳು. "ಪ್ರಿಯ ಶ್ರೋತೃಗಳೇ, ಇಂದು ಜೋರು... ಜೋರು..." ಎಂದಳು. ಅಡುಗೆಮನೆಯಲ್ಲಿ ರೇಡಿಯೋಗೆ ಕಿವಿಯಾನಿಸಿ ಕೂತ ಅತ್ತೆ ಕಣ್ಮುಂದೆ ಬಂದಳು. ಮಲಗಿರುವ ಮಕ್ಕಳೂ ಕಣ್ಮುಂದೆ ಬಂದವು. ಕಣ್ಣು ಮುಚ್ಚಿದಳು. ನಾಲಿಗೆ ಹನ್ನೆರಡು ವರ್ಷದ ದಾರಿ ಹಿಡಿಯಿತು.

"ಜನರೇ, ಮೂರು ಗಂಟೆಗೆ ದೊಡ್ಡೋರು ಬರ್ತಿದ್ದಾರೆ! ಭಾರೀ ರಭಸದಲ್ಲಿ ಬರ್ತಿದ್ದಾರೆ, ಯಾರು ತಡೆದರೂ ನಿಲ್ಲೋದಿಲ್ಲ! ಕೆಳಗಿನ ಕೇರಿಯವರು ಒಬ್ಬರೂ ಮನೇಲಿ ಉಳೀಬೇಡಿ. ಮಕ್ಕಳು ಮುದುಕರನ್ನ ಕರ್ಕೊಂಡು ಶಾಲೆ ದಿಣ್ಣೆ ಹತ್ತಿ, ಬೇಗ!"

ದೀಪ ಆರಿತು. ಮರುಕ್ಷಣವೇ ಫೋನು. ಅತ್ತೆ!

"ದೊಡ್ಡೋರು ಅಂದೆ, ಸರಿ," ಎಂದಳು ಸುಯುಮ್ಕಾನ್. "ಆದ್ರೆ ಬರ್ತಿದ್ದಾರೆ ಅಂದ್ರೆ ಸಾಲ್ದು. ದಯಮಾಡಿಸ್ತಿದ್ದಾರೆ ಅನ್ಬೇಕಿತ್ತು."

ಫೋನಿಟ್ಟ ಮೇಲೆ ಬುರುಲ್ಚಾಳಿಗೆ ಹೊಳೆಯಿತು. ಆ ಮಾತಿನ ಅರ್ಥ ತಮ್ಮ ಮನೆಯವರನ್ನು ಬಿಟ್ಟು ಕಣಿವೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ! "ತೊಕ್ತೊಸುನ್, ಜನರನ್ನ ಸಾಯಿಸ್ಬಿಟ್ನಲ್ಲೋ," ಎಂದು ಅತ್ತಳು.

"ಅಳೋದು ಆಮೇಲೆ. ಕಿಟಕಿ ಹತ್ರ ಬನ್ನಿ ಅಕ್ಕಾ."

ಕೆಳಗಿನ ಕೇರಿ ಪೂರ್ತಿ ದಿಣ್ಣೆಯತ್ತ ಓಡುತ್ತಿತ್ತು. ತೊಟ್ಟಿಲು, ಹಾಸಿಗೆ, ಕುರಿ, ಒಬ್ಬನಂತೂ ಅರ್ಧ ಬೋಳಿಸಿದ ಗಡ್ಡದ ಸಮೇತ. ಯಾರೋ ಮುದುಕಿ ರೇಡಿಯೋದಲ್ಲಿ ಕೇಳಿ ಕೂಗಿದ್ದಳು, ಯಾರೋ ಅದನ್ನು ಫೋನಿಗೆ ಹಾಕಿದ್ದರು. ಬುರುಲ್ಚಾ ಯಾರ ಸೊಸೆ ಎಂದು ಕಣಿವೆಗೆಲ್ಲ ಗೊತ್ತು. ಅವಳ ಮನೆಯ ದೊಡ್ಡೋರು ಎಂದರೆ ಇನ್ಯಾರು? ಜಾಮ್ಗಿರ್ಚಿ ಮೇಷ್ಟ್ರು! ಮೂವತ್ತು ವರ್ಷ ಶಾಲೆಯಲ್ಲಿ ಸೈನಿಕ ಕವಾಯತು ಕಲಿಸಿದವರು. ಸೀಟಿ ಊದಿ, ಗಡಿಯಾರ ಹಿಡಿದು, ಮೂರು ತಲೆಮಾರಿಗೆ ವಿಷಾನಿಲದ ಮುಖವಾಡ ತೊಡಿಸಿ ಅದೇ ದಿಣ್ಣೆ ಹತ್ತಿಸಿದವರು. ನೆರೆ ಎಂದರೆ ನಗುವ ಜನ, ಅವರ ಹೆಸರಿಗೆ ಚಪ್ಪಲಿ ಬಿಟ್ಟು ಓಡಿದರು.

ಮೇಷ್ಟ್ರು ಮಾತ್ರ ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಗದ್ದಲಕ್ಕೆ ಎಚ್ಚರಾಗಿ, ಓಡುವ ಜನರನ್ನು ಕಂಡು ಅಭ್ಯಾಸಬಲದಿಂದ ಗಡಿಯಾರ ಹಿಡಿದರು; ನೋಡನೋಡುತ್ತಲೇ ದಿಣ್ಣೆಯ ಮೇಲೆ ಇನ್ನೂರು ಜನ ಎತ್ತರದ ಪ್ರಕಾರ ಸಾಲಾಗಿ ನಿಂತುಬಿಟ್ಟರು! ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಸೀಟಿ ಹುಡುಕಿಕೊಂಡು ದಿಣ್ಣೆ ಹತ್ತಿದರು.

"ಹತ್ತೊಂಬತ್ತು ನಿಮಿಷ! ನಾಚಿಕೆ ಆಗಲ್ವೇನ್ರೋ? ನಿಮ್ಮಪ್ಪಂದ್ರು ಹನ್ನೊಂದಕ್ಕೆ ಹತ್ತೋರು!"

ಮೂರು ಗಂಟೆ ದಾಟುವವರೆಗೂ ಒಬ್ಬರನ್ನೂ ಕೆಳಗಿಳಿಯಲು ಬಿಡದೆ ಕವಾಯತು ಮಾಡಿಸಿದರು. ಮೂರೂಕಾಲಿಗೆ ಮಳೆ ಬಂತು. ಅದರ ಬೆನ್ನಿಗೇ ಬೆಟ್ಟ ಗುಡುಗಿತು. ಕಪ್ಪು ಕೆಸರು ಮನೆಯೆತ್ತರ ಬಂಡೆಗಳನ್ನು ಉರುಳಿಸಿಕೊಂಡು ಕೇರಿಯೊಳಗೆ ನುಗ್ಗಿತು. ಒಂಬತ್ತು ಮನೆ ಹೋದವು. ಒಂದು ಮಗುವಿನ ಕೂದಲೂ ಕೊಂಕಲಿಲ್ಲ.

ಅಧಿಕಾರಿ ತೊಯ್ದ ಟೋಪಿಯಲ್ಲೇ ರಾಜಧಾನಿಗೆ ಫೋನು ಮಾಡಿದ. "ಒಂದೇ ಮಾತಿಗೆ ಇಡೀ ಕೇರಿ ಎದ್ದು ಬಂತು. ಈ ಬಾನುಲಿ ಮುಚ್ಚೋ ಹಾಗೇ ಇಲ್ಲ!"

ಬುರುಲ್ಚಾಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆರು ಗಂಟೆ ಉಳಿಯಿತು! ತೊಕ್ತೊಸುನ್‌ನ ಎರಡೂ ಕೈ ಹಿಡಿದು ಕುಣಿದಳು.

"ಆದ್ರೆ ಒಂದು ಮಾತು," ಎಂದ ಕುಬಾತ್ ಸೆಯಿತೊವಿಚ್. "ಜನ ಎದ್ದಿದ್ದು ಆ ಮೇಷ್ಟ್ರ ಹೆದರಿಕೆಗೆ. ಇಲ್ಲಿ ಎರಡು ವರ್ಷದಿಂದ ನಿರ್ದೇಶಕರ ಕುರ್ಚಿ ಖಾಲಿ ಇದೆಯಲ್ಲ? ಅಂಥೋರೇ ಬೇಕು. ಕೇಳ್ದೆ, ಒಪ್ಪಿದ್ರು. ನಾಳೆಯಿಂದ ಬೆಳಗಿಂದ ಸಂಜೆವರೆಗೂ ಇಲ್ಲೇ ಇರ್ತಾರೆ."

ಮರುದಿನ ಮಕ್ಕಳ ಕತೆಯ ಹೊತ್ತು. ಬುರುಲ್ಚಾ ಹಣೆಯವರೆಗೆ ವಸ್ತ್ರ ಎಳೆದುಕೊಂಡು ಮೈಕಿನ ಮುಂದೆ ಕೂತಿದ್ದಳು. ಪಕ್ಕದ ಕೋಣೆಯ ಬಾಗಿಲು ತೆರೆದಿತ್ತು, ಒಳಗೆ ನಿರ್ದೇಶಕರ ಕುರ್ಚಿಯಲ್ಲಿ ಮಾವ ಕೂತಿದ್ದರು.

"ಜೋರಾಗಿ ಅಕ್ಕಾ!" ಎಂದ ತೊಕ್ತೊಸುನ್ ಗಾಜಿನಾಚೆಯಿಂದ. "ದನಿ ತೋರ್ಸೋ ಮುಳ್ಳೇ ಅಲ್ಲಾಡ್ತಿಲ್ಲ."

ಅವಳು ಕಣ್ಣಲ್ಲೇ ಬಾಗಿಲು ತೋರಿಸಿ, ನರಿಯ ಊಳನ್ನು ಪಿಸುಗುಟ್ಟಿದಳು. ಕಣಿವೆಯ ಮನೆಮನೆಯಲ್ಲಿ ಜನ ರೇಡಿಯೋಗೆ ಎರಡೇಟು ಬಿಗಿದು, ಹೊಸ ಬ್ಯಾಟರಿ ತರಲು ಅಂಗಡಿಗೆ ಹೊರಟರು.