ಅರವತ್ತಕ್ಕೊಂದು ಕೊಸರು

ಶಿವರಾತ್ರಿಗೆ ಇನ್ನೊಂದು ವಾರವಿತ್ತು. ಉಮ್ಮತ್ತೂರಿನಲ್ಲಿ ಅರಿಸಿನ ಬೇಯಿಸುವ ಕೆಲಸ ಬಿರುಸಾಗಿ ನಡೆದಿತ್ತು. ಪುಟ್ಟಬಸಮ್ಮನ ಹಿತ್ತಲಿನ ಕೊಪ್ಪರಿಗೆ ಬೆಳಗಿನಿಂದಲೇ ಕುದಿಯುತ್ತಿತ್ತು. ಹಸಿ ಅರಿಸಿನದ ಘಾಟು ಬೀದಿಯುದ್ದಕ್ಕೂ ಹಬ್ಬಿತ್ತು. ಕೂಲಿಯವರು ಗೆಡ್ಡೆ ಮುರಿದು ರಾಶಿ ಹಾಕುತ್ತಿದ್ದರೆ, ಮನೆಯ ಒಬ್ಬನೇ ಮಗ ದಿಲೀಪ ಇಸ್ತ್ರಿ ಅಂಗಿ ತೊಟ್ಟು, ತಲೆ ಬಾಚಿ, ಹೆಣ್ಣು ನೋಡಲು ಹೊರಟವನಂತೆ ನಿಂತಿದ್ದ.

“ಅರಿಸಿನ ಬೇಯ್ತಾ ಅದೆ, ಮಗ ಇಸ್ಪೀಟಾಡಕ್ಕೆ ಒಂಟವ್ನೆ” ಎಂದಳು ಪುಟ್ಟಬಸಮ್ಮ ಕೊಪ್ಪರಿಗೆಗೆ ಕೇಳುವಂತೆ.

“ಇಸ್ಪೀಟಲ್ಲ ಕಣವ್ವ, ಕಾರ್ಡ್ ಗೇಮು. ದುಡ್ಡು ಕಟ್ಟದಿಲ್ಲ, ಏನಿಲ್ಲ.”

“ದುಡ್ಡೂ ಇಲ್ದೆ ಆಡಿಯಾ? ಅದ್ಕಿಂತ ಇಸ್ಪೀಟೇ ವಾಸಿ.”

ದಿಲೀಪ ಊರಿನ ಡೇರಿಯಲ್ಲಿ ಹಾಲಿನ ಡಿಗ್ರಿ ನೋಡುವವನು. ವಯಸ್ಸು ಮೂವತ್ತರ ಹತ್ತಿರ. ಹುಲಿ, ಹದ್ದು, ಗೂಬೆ, ಗೂಳಿ, ಭೂತಗಳ ಬಣ್ಣದ ಚಿತ್ರವಿರುವ ಕಾರ್ಡುಗಳನ್ನು ವರ್ಷಗಟ್ಟಲೆ ಕೂಡಿಹಾಕಿದ್ದ. ಚಾಮರಾಜನಗರದ ಸ್ಟೇಷನರಿ ಅಂಗಡಿಯೊಂದರ ಮಹಡಿಯಲ್ಲಿ ಭಾನುವಾರ ಅವುಗಳ ಪಂದ್ಯ. ಇವತ್ತಿನದು ಕೊನೆಯ ಪಂದ್ಯ.

“ಈ ಪಂದ್ಯ ಸೋತು ಬಂದ್ರೆ ಡಬ್ಬ ಸಮೇತ ಈ ಒಲೆಗಾಕ್ತೀನಿ. ಮಾದಪ್ಪನಾಣೆ” ಎಂದಳು ತಾಯಿ.

“ಸೋಲ್ದೆ ಬಂದ್ರೆ?”

“ಸೋಲ್ದೆ ಬಂದ್ರೆ ಇನ್ಮೇಲೆ ತುಟಿ ಬಿಚ್ಚಲ್ಲ, ಓಗು.”

ಈ ಆಟದಲ್ಲಿ ಆಡುವುದಕ್ಕಿಂತ ಕಟ್ಟು ಕಟ್ಟುವುದೇ ಕಷ್ಟ. ಕಟ್ಟು ಎಂದಮೇಲೆ ಕಟ್ಟುಕಟ್ಟಳೆಯೂ ಇರಬೇಕಲ್ಲ! ಒಂದು ಕಟ್ಟಿನಲ್ಲಿ ಸರಿಯಾಗಿ ಅರವತ್ತು ಕಾರ್ಡಿರಬೇಕು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಒಂದೇ ಹೆಸರಿನವು ನಾಲ್ಕಕ್ಕಿಂತ ಹೆಚ್ಚು ಇರಕೂಡದು. ದಿಲೀಪನ ಬಳಿ ಬೆಂಕಿಗೂಳಿ ಎಂಬ ಬಲವಾದ ಕಾರ್ಡು ಐದಿದ್ದವು. ಐದನೆಯದನ್ನು ನೆಂಟರ ಮನೆಯಲ್ಲಿ ಮಗು ಬಿಟ್ಟು ಬರುವವನಂತೆ ನೊಂದುಕೊಂಡು ಡಬ್ಬಿಯಲ್ಲೇ ಬಿಟ್ಟ. ಉಳಿದ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ ಜಗಲಿಯ ಮೇಲಿಟ್ಟು, ಒಳಗೆ ಹೋಗಿ ರೊಟ್ಟಿ ತಿಂದು ಬಂದು ಬಸ್ಸು ಹಿಡಿದ.

ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತವನು ಎದುರು ಮನೆಯ ಪುಟ್ಟಮಲ್ಲಪ್ಪ. ಊರಿನ ಯಾವ ಜಗಳಕ್ಕೂ ಕರೆಯದೆ ಹೋಗಿ ಮಧ್ಯೆ ಕೂರುವ ಮನುಷ್ಯ. “ಜೇಬಲ್ಲೇನ್ಲಾ ಅದು, ಇಟ್ಟಿಗೆ ಇದ್ದಂಗದೆ?” ಎಂದು ಕೈ ಹಾಕಿಯೇ ಬಿಟ್ಟ. ಅದೇ ಗಳಿಗೆಗೆ ಬಸ್ಸು ರಸ್ತೆಯ ಹಂಪಿನ ಮೇಲೆ ಎಗರಿತು. ರಬ್ಬರ್ ಬ್ಯಾಂಡು ಹರಿದು, ಭೂತಪ್ರೇತಗಳೆಲ್ಲ ಸೀಟಿನಡಿಗೆ ಹರಡಿಕೊಂಡವು.

“ಇಸ್ಪೀಟು!” ಎಂದು ಕೂಗಿದ ಪುಟ್ಟಮಲ್ಲಪ್ಪ.

ಬಸ್ಸಿಗೆ ಬಸ್ಸೇ ಬಗ್ಗಿ ಕಾರ್ಡು ಹೆಕ್ಕತೊಡಗಿತು. ಹೂವಿನ ಮಂಕರಿಯ ಹೆಂಗಸೊಬ್ಬಳು ಒಂದು ಭೂತವನ್ನು ನೋಡಿ, “ಥೇಟು ನಮ್ಮ ಓರಗಿತ್ತಿ, ತಟುಕ್ನೂ ಬ್ಯಾರೆ ಇಲ್ಲ” ಎಂದು ಕೊಟ್ಟಳು. ಕಂಡಕ್ಟರು ಎರಡು ಕಾರ್ಡು ಹೆಕ್ಕಿ, ಇವಕ್ಕೂ ಟಿಕೆಟ್ಟು ಹರಿಯಲೇ ಎಂದು ಗೇಲಿ ಮಾಡಿದ. ದಿಲೀಪ ಬೆವರುತ್ತ ಎಲ್ಲವನ್ನೂ ಜೇಬಿಗೆ ತುರುಕಿದ. ಎಣಿಸಲು ಹೊತ್ತಿರಲಿಲ್ಲ, ನಗರ ಬಂದಿತ್ತು.

ಪುಟ್ಟಮಲ್ಲಪ್ಪನಿಗೆ ತಾಲ್ಲೂಕು ಕಚೇರಿಯಲ್ಲಿ ಕೆಲಸವಿತ್ತಂತೆ. ಭಾನುವಾರ ಎಂಬುದು ಇಳಿದ ಮೇಲೆ ನೆನಪಾಯಿತು. “ಓಗ್ಲಿ ಬುಡು, ನಿನ್ ಜೊತೇಲೇ ಬತ್ತೀನಿ” ಎಂದು ಮಹಡಿಯವರೆಗೂ ಬಂದ.

ಎದುರಾಳಿ ಹಂಗಳದ ಶಿವಮಲ್ಲಪ್ಪ. ಗುಂಡ್ಲುಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ನಲವತ್ತರ ಗೃಹಸ್ಥ. ಪಂದ್ಯ ನಡೆಸುವವಳು ಅಂಗಡಿಯವರ ಮಗಳು ಭವ್ಯ. ಅವಳು ದಿಲೀಪನ ಕಟ್ಟನ್ನು ತೆಗೆದುಕೊಂಡು ಬ್ಯಾಂಕಿನವರಂತೆ ಸರಸರ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

“ಅಣ್ಣ, ಅರವತ್ತೊಂದಿದೆ. ಬೆಂಕಿಗೂಳಿ ಐದಿದೆ.”

ಬಸ್ಸಿನಲ್ಲಿ ಬಿದ್ದದ್ದು ಕಡಿಮೆಯಾಗಬೇಕೇ ಹೊರತು ಮರಿ ಹಾಕುವುದು ಹೇಗೆ? ದಿಲೀಪ ಮನೆಗೆ ಫೋನು ಹಚ್ಚಿದ.

“ಅವ್ವ, ನನ್ ಕಾರ್ಡ್ ಏನಾರ ಮುಟ್ಟಿದ್ಯಾ?”

“ಊಂ ಕಣಪ್ಪಾ, ಎಣಿಸ್ದೆ. ಬರೀ ಅರವತ್ತಿತ್ತು. ಹಂಗೆ ಸೊನ್ನೆ ಲೆಕ್ಕ ತಕ್ಕಂಡು ಒಳ್ಳೆ ಕೆಲ್ಸಕ್ಕೆ ಓಗ್ತಾರಾ? ಮೇಲೊಂದು ಕೊಸರು ಬ್ಯಾಡ್ವಾ? ಡಬ್ಬೀಲಿ ನಮ್ ಬಸವಣ್ಣ ಒಬ್ನೇ ಬಿದ್ದಿದ್ದ. ಇಬೂತಿ ಇಕ್ಕಿ ಸೇರಿಸ್ದೆ.”

ನೂರು ರೂಪಾಯಿ ಮುಯ್ಯಿಗೂ ಮೇಲೊಂದು ರೂಪಾಯಿ ಇಡದೆ ಕೊಟ್ಟವಳಲ್ಲ ಅವಳು. ಐದನೇ ಗೂಳಿಯ ಹಣೆಯಲ್ಲಿ ವಿಭೂತಿ ಇದ್ದದ್ದು ನಿಜ.

“ತಪ್ಪು ಕಟ್ಟು ತಂದವರು ಆಡದೇನೇ ಸೋತ ಹಾಗೆ, ಅಣ್ಣ. ರೂಲ್ಸು” ಎಂದಳು ಭವ್ಯ ಸಂಕೋಚದಿಂದ.

ದಿಲೀಪನ ಕಣ್ಣ ಮುಂದೆ ಕೊಪ್ಪರಿಗೆಯ ಒಲೆ ಧಗ್ಗೆಂದಿತು. ಆಗ ಪುಟ್ಟಮಲ್ಲಪ್ಪ ಟವೆಲು ಕೊಡವಿ ಮುಂದೆ ಬಂದ.

“ತಡಿಯವ್ವ! ನ್ಯಾಯ ಅಂದ್ಮೇಲೆ ಇಬ್ರಿಗೂ ಒಂದೇಯ. ಅವ್ರದ್ದೂ ಎಣ್ಸು.”

“ಎಣಿಸ್ಲಿ ಬುಡಿ, ನಂದೇನು” ಎಂದು ಶಿವಮಲ್ಲಪ್ಪ ಗತ್ತಿನಿಂದ ಕಟ್ಟನ್ನು ಮುಂದಿಟ್ಟ.

ಐವತ್ತೊಂಬತ್ತಿತ್ತು.

ಈಗ ಫೋನು ಹಚ್ಚುವ ಸರದಿ ಅವನದು. ಆ ಕಡೆಯಿಂದ ಹೆಂಡತಿ ಸುಧಾಮಣಿಯ ದನಿ ಕೊಠಡಿಗೆಲ್ಲ ಕೇಳಿಸಿತು: “ಗೂಬೆನಾ ಜೇಬಲ್ಲಿ ಮಡಿಕಂಡು ಹೊಸಲು ದಾಟ್ತಾರಾ? ಅದ್ಕೇ ತಗ್ದಾಕ್ದೆ. ಯಾಕ್ರೀ, ಗೆದ್ರಾ?”

ಭವ್ಯ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಕೊನೆಗೆ ತೀರ್ಪು ಕೊಟ್ಟಳು: ಇಬ್ಬರದೂ ತಪ್ಪಾದ್ದರಿಂದ ಯಾರೂ ಗೆದ್ದಿಲ್ಲ, ಯಾರೂ ಸೋತಿಲ್ಲ. ಆಟ ಮುಂದಿನ ಭಾನುವಾರಕ್ಕೆ. ಬಾರದವರು ಸೋತಂತೆ.

ದಿಲೀಪ ಬಸ್ಸಿನಲ್ಲಿ ನಿಂತೇ ಬಂದರೂ ಮಲಗಿ ಬಂದಷ್ಟು ಹಗುರಾಗಿದ್ದ. ಮನೆಯಲ್ಲಿ ತಾಯಿ ಒಲೆಯ ಮುಂದೆಯೇ ಇದ್ದಳು.

“ಸೋತ್ಯಾ?”

“ಇಲ್ಲ ಕಣವ್ವ.”

“ಗೆದ್ಯಾ?”

“ಅದೂ ಇಲ್ಲ.”

ಪುಟ್ಟಬಸಮ್ಮ ಕಣ್ಣು ಮುಚ್ಚಿ ಕೈ ಮುಗಿದಳು. “ಸೋಲ್ನಿಲ್ಲ ತಾನೆ? ಅಷ್ಟೇಯ ನಾನು ಕೇಳ್ಕಂಡಿದ್ದು. ನನ್ ಮಗ ಸೋಲ್ದೆ ಬಂದ್ರೆ ಶಿವರಾತ್ರಿಗೆ ಬೆಟ್ಟಕ್ಕೆ ನಡ್ಕಂಡು ಬತ್ತಾನೆ ಅಂತ ಮಾದಪ್ಪನಿಗೆ ಹರಕೆ ಹೊತ್ತಿದ್ದೆ.”

“ನೀನೇ ಒಲೆಗಾಕ್ತೀನಿ ಅಂದೆ, ನೀನೇ ಹರಕೆ ಹೊತ್ಯಾ?”

“ಬಯ್ದ್ರೆ ನಾನು ಬಯ್ಬೇಕು. ನನ್ ಮಗನ್ನ ಇನ್ಯಾರೋ ಸೋಲ್ಸಕ್ಕೆ ಬುಟ್ಟೇನಾ?”

ದಿಲೀಪನಿಗೆ ಆಮೇಲೆ ಹೊಳೆಯಿತು: ಶಿವರಾತ್ರಿ ಬಿದ್ದಿರುವುದೇ ಮುಂದಿನ ಭಾನುವಾರ. ಬೆಟ್ಟಕ್ಕೆ ಹೋದರೆ ಪಂದ್ಯವಿಲ್ಲ. ಪಂದ್ಯವಿಲ್ಲದಿದ್ದರೆ ಸೋಲು. ಸೋಲೆಂದರೆ ಒಲೆ. ತಾಯಿ ಆಣೆ ಇಟ್ಟದ್ದೂ ಮಾದಪ್ಪನ ಮೇಲೆಯೇ. ಅವನು ಅರಿಸಿನದ ರಾಶಿಯ ಮೇಲೆ ಕುಸಿದು ಕೂತ.

ಫೋನು ಬಡಿದುಕೊಂಡಿತು. ಶಿವಮಲ್ಲಪ್ಪ.

“ದಿಲೀಪಣ್ಣಾ, ಬೇಜಾರು ಮಾಡ್ಕಬ್ಯಾಡಿ. ಮುಂದಿನ ಭಾನುವಾರ ನಂಗೆ ಬರಕ್ಕಾಗಲ್ಲ. ನಮ್ಮನೆಯವ್ಳು ಬೆಟ್ಟದ ಹರಕೆ ಹೊತ್ಬುಟ್ಟವ್ಳೆ...”

ದಿಲೀಪನ ಉಸಿರು ಕೊಪ್ಪರಿಗೆಯ ಹಬೆಯಂತೆ ಹೊರಬಂತು. ಇಬ್ಬರೂ ಹೋಗದಿದ್ದರೆ ಇಬ್ಬರೂ ಸೋತಂತಲ್ಲ. ಇವತ್ತಿನ ನ್ಯಾಯವೇ ಅಂದಿಗೂ. ಆಟ ಇನ್ನೊಂದು ವಾರ ಮುಂದಕ್ಕೆ ಹೋಗುತ್ತದೆ, ಅಷ್ಟೇ. “ಬನ್ನಿ ಶಿವಮಲ್ಲಣ್ಣ, ಕೊಳ್ಳೇಗಾಲದಿಂದ ಜೊತೇಲೇ ನಡೆಯಾನ” ಎಂದು ಫೋನಿಟ್ಟು, ಮಗುವಿನಂತೆ ಕೂಗಿದ: “ಅವ್ವೋ, ಮುಂದಿನ ವಾರನೂ ನಾನು ಸೋಲಲ್ಲ ಕಣವ್ವ!”

“ಗೊತ್ತು ಬುಡ್ಲಾ” ಎಂದಳು ಪುಟ್ಟಬಸಮ್ಮ ಒಲೆಗೆ ಸೌದೆ ನೂಕುತ್ತ. “ಈಗ್ತಾನೇ ಯುಗಾದಿಗೂ ನಿಂದೊಂದು ನಡಿಗೆ ಹರಕೆ ಹೊತ್ಕಂಡಿವ್ನಿ.”