ಹಳೇ ಸೇತುವೆಯ ಮೇಲಿನ ಕೂಗು

ಹೊಸ ಸೇತುವೆಗೆ ಬಣ್ಣ ಬಳಿಯುತ್ತಾರೆಂದು ಅಂದು ಎರಡೂ ಕಡೆ ಹಗ್ಗ ಕಟ್ಟಿ ಮುಚ್ಚಿದ್ದರು. ಬೇರೆ ದಿನವಾಗಿದ್ದರೆ ದರ್ಜಿ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಅಣ್ಣನ ಮನೆಗೆ ಹೋಗಿಯೇ ತೀರುವುದೆಂದು ಅವನು ಮನಸ್ಸು ಗಟ್ಟಿ ಮಾಡಿದ್ದು ಅಂದೇ. ಅಣ್ಣನ ಮನೆ ಹೊಳೆಯಾಚೆ.

ಜಗಳಕ್ಕೆ ಕಾರಣ ಒಂದು ಕೋಟು. ಅಣ್ಣನೂ ದರ್ಜಿಯೇ. ತಮ್ಮ ಹೊಲಿದ ಕೋಟನ್ನು ಗಿರಾಕಿಗಳೆದುರೇ ಎತ್ತಿ ಹಿಡಿದು, "ಇದಕ್ಕೆ ಹಿಡಿ ಹಾಕಿದ್ರೆ ಸೊಗಸಾದ ಚೀಲ ಆಗ್ತಿತ್ತು" ಎಂದಿದ್ದ. ಅವಮಾನಗೊಂಡ ತಮ್ಮ ತನ್ನ ಕತ್ತರಿ, ಟೇಪು ಎತ್ತಿಕೊಂಡು ಈಚೆ ದಡಕ್ಕೆ ಬಂದು ಬೇರೆ ಅಂಗಡಿ ಹಾಕಿದ. ಈಗ ಅಣ್ಣನ ಮಗಳ ಮದುವೆ ಗೊತ್ತಾಗಿತ್ತು. ಇವನ ತೊಡೆಯ ಮೇಲೆ ಕೂತು ಗುಂಡಿಗಳ ಜೊತೆ ಆಡಿಕೊಂಡು ಬೆಳೆದ ಹುಡುಗಿ. ಕರೆ ಬಂದಿರಲಿಲ್ಲ. ಆದರೂ ಅವಳಿಗೊಂದು ಉಡುಪು ಹೊಲಿದು, ಮುದುಡದಿರಲೆಂದು ತಗಡಿನ ಡಬ್ಬಿಯಲ್ಲಿ ಮಡಿಸಿಟ್ಟಿದ್ದ.

"ಹಳೇ ಸೇತುವೆ ಮೇಲೆ ಹೋಗ್ತೀರಾ?" ಪಕ್ಕದ ಬೇಕರಿಯವನು ಹಿಟ್ಟಿನ ಕೈಯಲ್ಲೇ ಓಡಿಬಂದ. "ಯುದ್ಧದಲ್ಲಿ ಅಷ್ಟೊಂದು ಸಿಪಾಯಿಗಳು ಸತ್ತಿರೋ ಜಾಗ ಅದು! ಹಿಂದಿನಿಂದ ಕರೀತಾರಂತೆ, ಅದೂ ನಮ್ಮೋರದೇ ದನಿಯಲ್ಲಿ. ತಿರುಗಿದ್ರೋ, ಕತೆ ಮುಗೀತು."

"ಓಗೊಡಲೂಬಾರದು," ಎಂದರು ನಿವೃತ್ತ ಪೋಸ್ಟ್‌ಮ್ಯಾನ್, ಯಾರೂ ಕೇಳದೆಯೇ. "ಬಿಡದೆ ಬೆನ್ನುಹತ್ತಿದ್ರೆ ಕೈಲಿರೋದನ್ನ ಹಿಂದಕ್ಕೆಸೆದು ಓಡು. ಏನದು ಅಂತ ನೋಡೋಕೆ ದೆವ್ವ ನಿಂತ್ಕೊಳ್ಳುತ್ತೆ."

"ನೀವು ಎಸೆದಿದ್ರಾ?" ದರ್ಜಿ ಕೇಳಿದ.

"ನಾನ್ಯಾಕೆ ಆ ಕಡೆ ಹೋಗ್ಲಿ? ನಂಗೇನು ಹುಚ್ಚಾ?"

ದರ್ಜಿ ಜೋರಾಗಿ ನಕ್ಕು ಹೊರಟ. ಸೇತುವೆ ಸಿಗುವ ಹೊತ್ತಿಗೆ ನಗು ಎಲ್ಲೋ ದಾರಿಯಲ್ಲೇ ಉದುರಿಹೋಗಿತ್ತು. ಮಂಜು ಹಿಂಜಿದ ಹತ್ತಿಯಂತೆ ಕಲ್ಲುಗಳಿಗೆ ಮೆತ್ತಿಕೊಂಡಿತ್ತು. ಗುಂಡೇಟು ತಿಂದ ಕಂಬಗಳು ಸಿಡುಬಿನ ಮುಖ ಹೊತ್ತು ನಿಂತಿದ್ದವು. ನಡುಮಧ್ಯಕ್ಕೆ ಬಂದಿದ್ದನಷ್ಟೆ.

"ಗುಬ್ಬೀ!"

ದರ್ಜಿ ಹೆಜ್ಜೆ ಜೋರು ಮಾಡಿದ. ಲೋಕದಲ್ಲಿ ಅವನನ್ನು ಹಾಗೆ ಕರೆಯುತ್ತಿದ್ದವನು ಅಣ್ಣನೊಬ್ಬನೇ. ದನಿಯೂ ಅವನದೇ. ಆದರೆ ಅಣ್ಣನ ಮನೆ ಮುಂದೆ, ದನಿ ಬಂದದ್ದು ಹಿಂದಿನಿಂದ!

"ಗುಬ್ಬೀ, ನಿಲ್ಲೋ! ಉಸಿರು ಕಟ್ತಿದೆ ಕಣೋ!"

ದೆವ್ವಕ್ಕೂ ಉಬ್ಬಸವೇ ಎಂದು ಯೋಚಿಸುವ ವ್ಯವಧಾನ ಯಾರಿಗಿತ್ತು? ಡಬ್ಬಿಯನ್ನು ಹೆಗಲ ಮೇಲಿಂದ ಬೀಸಿ ಎಸೆದ. ಠಣ್ ಎಂದಿತು. "ಅಯ್ಯಯ್ಯೋ" ಎಂದೂ ಕೇಳಿಸಿತು. ಪೋಸ್ಟ್‌ಮ್ಯಾನ್ ಹೇಳಿದಂತೆ ದೆವ್ವ ನಿಂತಿತು. ದರ್ಜಿ ಎದ್ದೆನೋ ಬಿದ್ದೆನೋ ಎಂದು ಓಡಿದ.

ಅತ್ತಿಗೆ ಬಾಗಿಲು ತೆರೆದು ನೋಡಿದವಳೇ ಕಣ್ಣೊರೆಸಿಕೊಂಡಳು. "ಕೊನೆಗೂ ಬಂದ್ಯಾ! ಅವರೆಲ್ಲಿ, ಹಿಂದೆ ಬರ್ತಿದಾರಾ?"

"ಯಾರು ಅತ್ತಿಗೆ?"

"ನಿಮ್ಮಣ್ಣ! ತಮ್ಮ ಇಲ್ದೆ ಮದುವೆ ಮಾಡಲ್ಲ ಅಂತ ಬೆಳಗಾಗ್ತಿದ್ದ ಹಾಗೇ ಮೀನು ಹಿಡಿಯೋರ ದೋಣಿ ಹತ್ತಿ ನಿನ್ನ ಕರೆಯೋಕೆ ಹೋದ್ರಲ್ಲ!"

ದರ್ಜಿ ಗಕ್ಕನೆ ಸೇತುವೆಯ ಕಡೆ ತಿರುಗಿದ. ಅಷ್ಟರಲ್ಲಿ ಅಣ್ಣನೇ ಬಂದ. ಹಣೆಯ ಮೇಲೆ ನಿಂಬೆಗಾತ್ರದ ಬುಗುಟು, ಕಂಕುಳಲ್ಲಿ ನೆಗ್ಗಿದ ಡಬ್ಬಿ.

"ಆ ಸೇತುವೆ ಅಂದ್ರೆ ನಂಗೆ ಚಿಕ್ಕಂದಿನಿಂದ ನಡುಕ, ನಿಂಗೊತ್ತು," ಎಂದ ಮೆಲ್ಲಗೆ. "ಆದ್ರೂ ಬೇಕರಿಯೋನು, ಈಗಷ್ಟೇ ಆ ಕಡೆ ಹೋದ್ರು ಅಂದ. ನೀನಿದೀಯಲ್ಲ ಅನ್ನೋ ಧೈರ್ಯದ ಮೇಲೆ ಹಿಂದೆ ಬಂದೆ. ಗಂಟಲು ಹರಿಯೋ ಹಾಗೆ ಕೂಗಿದೆ."

"ಅಣ್ಣಾ, ನಾನು... ದೆವ್ವ ಅಂದ್ಕೊಂಡೆ!"

"ಮಗಳ ಮದುವೆಗೆ ಕರೆಯೋಕೆ ಬಂದೋನು ನಿನ್ನ ಕಣ್ಣಿಗೆ ಸತ್ತೋನ ಹಾಗೆ ಕಂಡ್ನಾ?"

"ಇಲ್ಲಣ್ಣಾ, ನಾನು ತಿರುಗಿ ಕೂಡ ನೋಡ್ಲಿಲ್ಲ!"

ಇದಕ್ಕಿಂತ ಕೆಟ್ಟ ಉತ್ತರ ಹುಡುಕಿದರೂ ಸಿಗುತ್ತಿರಲಿಲ್ಲ. ಅಣ್ಣ ಡಬ್ಬಿಯನ್ನು ಹೊಸ್ತಿಲ ಹೊರಗೆ, ಮೆತ್ತಗೆ, ಮಗುವನ್ನು ಮಲಗಿಸುವಂತೆ ಇಟ್ಟು ಒಳಗೆ ಹೋದ. ಅತ್ತಿಗೆ ಏನೋ ಹೇಳಹೋದಳು. ಬಾಗಿಲು ಮುಚ್ಚಿತು.

ಒಳಗಿನಿಂದ ಮದುವಣಗಿತ್ತಿಯ ದನಿ ಕೇಳಿಸಿತು. "ಅಪ್ಪಾ, ಬಾಗಿಲಲ್ಲಿ ಯಾರು?"

"ಯಾರೂ ಇಲ್ಲಮ್ಮಾ," ಎಂದ ಅಣ್ಣ.

ಕದ ತಟ್ಟಲು ಎತ್ತಿದ್ದ ಕೈಯನ್ನು ದರ್ಜಿ ಹಾಗೇ ಇಳಿಸಿದ.